ಬಿಸಿಯಾದರೆ ಸ್ಟಾರ್ಟ್ ಆಗದ ಕಾರು: ಒಂದು ಹಳೇ ಟರ್ಬೊ ಡೀಸೆಲ್‌ನ ಕಥೆ

ಶಿರಾಡಿ ಘಾಟಿಯ ಬುಡದ ಗುಂಡ್ಯದಲ್ಲಿ ಟೀ ಕುಡಿಯಲು ನಿಲ್ಲಿಸಿದ್ದೇ ತಪ್ಪಾಯಿತು. ಮಂಗಳೂರಿನಿಂದ ಅಲ್ಲಿವರೆಗೆ ಒಂದೇ ಓಟ, ಕಾರು ಚೆನ್ನಾಗಿಯೇ ಬಂದಿತ್ತು. ಹತ್ತು ನಿಮಿಷ ಬಿಟ್ಟು ವಾಪಸ್ ಬಂದು ಸೆಲ್ಫ್ ಹೊಡೆದರೆ ಇಂಜಿನ್ ಸುಮ್ನೆ ತಿರುಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಬ್ಯಾಟರಿ ಗಟ್ಟಿಯಾಗಿದೆ. ಟ್ಯಾಂಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಡೀಸೆಲ್ ಇದೆ. ಬೆಳಿಗ್ಗೆ ಇದೇ ಕಾರು ಅರ್ಧ ಸೆಲ್ಫ್‌ಗೇ ಸ್ಟಾರ್ಟ್ ಆಗಿತ್ತು.

ಪಕ್ಕದಲ್ಲಿ ಲಾರಿ ನಿಲ್ಲಿಸಿದ್ದ ಡ್ರೈವರ್ ಒಬ್ಬರು ಬಂದು ಬಾನೆಟ್ ಎತ್ತಿಸಿದರು. 'ಡೀಸೆಲ್ ಕಾದಿದೆ ಸಾರ್' ಅಂದರು. ಮೇಲಿನ ಪ್ಲಾಸ್ಟಿಕ್ ಕವರ್ ಕಿತ್ತು ಪಕ್ಕಕ್ಕಿಟ್ಟರು. ಒಂದು ಹಳೇ ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಸಿಲಿಂಡರ್‌ಗೆ ಡೀಸೆಲ್ ಸಿಡಿಸುವ ಇಂಜೆಕ್ಟರ್‌ಗಳಿಗೆ ಹೋಗುವ ಕಬ್ಬಿಣದ ಪೈಪುಗಳ ಮೇಲೆ ಹಾಸಿದರು. ಅದರಿಂದ ಹಬೆ ಎದ್ದಿತು. ಮತ್ತೆ ಅದ್ದಿದರು, ಮತ್ತೆ ಹಾಸಿದರು. ಕಾಲು ಗಂಟೆ ಹೀಗೇ ಆಯಿತು. 'ಈಗ ಹೊಡೀರಿ' ಅಂದರು. ಎರಡನೇ ಸೆಲ್ಫ್‌ಗೆ ಹತ್ತಿತು.

ಆ ಒದ್ದೆ ಬಟ್ಟೆಯಲ್ಲೇ ಅರ್ಧ ಉತ್ತರ ಇತ್ತು. ಅದು ನನಗೆ ತಿಳಿದಿದ್ದು ಎರಡು ತಿಂಗಳು ಮತ್ತು ಒಂದಿಷ್ಟು ದುಡ್ಡು ಕಳೆದ ಮೇಲೆ.

ಘಾಟಿ ಹತ್ತುವಾಗ ಇನ್ನೊಂದು ಕಾಟ ಶುರುವಾಯಿತು. ಮಾರನಹಳ್ಳಿ ಇನ್ನೂ ಸ್ವಲ್ಪ ದೂರ ಇತ್ತು. ಟ್ಯಾಂಕರ್ ಒಂದನ್ನು ದಾಟೋಣ ಅಂತ ಮೂರನೇ ಗೇರಲ್ಲಿ ಪೂರ್ತಿ ಒತ್ತಿದೆ. ಹಳದಿ ಇಂಜಿನ್ ಲೈಟ್ ಬಂತು. ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದಂತೆ ಕಾರು ಸೊರಗಿತು. ಎಷ್ಟು ಒತ್ತಿದರೂ 2,500 ಆರ್‌ಪಿಎಂ ದಾಟಲ್ಲ. ಇದಕ್ಕೆ ಲಿಂಪ್ ಮೋಡ್ ಅಂತಾರೆ. ಇಂಜಿನ್ ಉಳಿಸಿಕೊಳ್ಳಲು ಕಂಪ್ಯೂಟರ್ ತಾನೇ ಶಕ್ತಿ ಕಡಿಮೆ ಮಾಡುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ ಅಂತ ಗೊತ್ತಿತ್ತು. ಆದರೆ ಬಿಸಿ ಕಾರನ್ನು ಆಫ್ ಮಾಡುವ ಧೈರ್ಯ ಯಾರಿಗಿದೆ? ಸಕಲೇಶಪುರದವರೆಗೂ ಎರಡನೇ ಗೇರಲ್ಲೇ ತೆವಳಿಕೊಂಡು ಬಂದೆ.

ಕಾರು 2011ರ ಮಾಡೆಲ್. ಹಾಸನದ ಹತ್ತಿರದ ಕಾಫಿ ತೋಟದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಓಡಿದ್ದು 1,68,000 ಕಿಲೋಮೀಟರ್. ಕಂಪನಿ ಹೆಸರು ಹೇಳಲ್ಲ, ಯಾಕಂದರೆ ಇದು ಕಂಪನಿಯ ತಪ್ಪಲ್ಲ, ವಯಸ್ಸಿನ ತಪ್ಪು. ಒಳಗಿರೋದು 1,248 ಸಿಸಿಯ ಮಲ್ಟಿಜೆಟ್. ಇಟಲಿಯ ಫಿಯಟ್ 2003ರಲ್ಲಿ ಹೊರತಂದ ಇಂಜಿನ್ ಅದು. ನಮ್ಮಲ್ಲಿ ಎಷ್ಟು ಕಂಪನಿಗಳ ಕಾರಲ್ಲಿ ಅದು ಕೂತಿತ್ತೆಂದರೆ, ಜನ ತಮಾಷೆಗೆ ದೇಶದ ರಾಷ್ಟ್ರೀಯ ಇಂಜಿನ್ ಅನ್ನುತ್ತಿದ್ದರು. ಹಾಗಾಗಿ ಈ ಕಥೆ ಹಲವರ ಮನೆ ಮುಂದೆ ನಿಂತಿರುವ ಕಾರಿಗೂ ಹೊಂದಬಹುದು.

ಮೊದಲು ಹೋದ ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದರು. ಕೋಡ್ ಪಿ 0087 ಬಂತು. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ 'ರೈಲ್' ಎಂಬ ಕೊಳವೆಯಲ್ಲಿ ಒತ್ತಡ ಕಡಿಮೆ ಅಂತ ಅದರ ಅರ್ಥ. ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಕೋಡ್ ಮತ್ತೆ ಬಂತು. ರೈಲ್ ಪ್ರೆಶರ್ ಸೆನ್ಸರ್ ಬದಲಾಯಿಸಿದರು. ಮತ್ತೆ ಬಂತು. ಕೊನೆಗೆ 'ಹೈ ಪ್ರೆಶರ್ ಪಂಪ್ ಹೋಗಿದೆ' ಅಂತ ತೀರ್ಪು ಕೊಟ್ಟರು. ಕಾರಿನ ಬೆಲೆಯ ಕಾಲು ಭಾಗದಷ್ಟು ಎಸ್ಟಿಮೇಟ್. ನಾನು ಕೀ ತೊಗೊಂಡು ಬಂದೆ.

ಇಲ್ಲಿ ಸ್ವಲ್ಪ ನಿಂತು ಈ ಇಂಜಿನ್‌ನಲ್ಲಿರುವ ಕಾಮನ್ ರೈಲ್ ವ್ಯವಸ್ಥೆ ಏನು ಅಂತ ನೋಡಬೇಕು. ಊರಿಗೆ ಒಂದು ಓವರ್‌ಹೆಡ್ ಟ್ಯಾಂಕ್ ಇದೆ ಅಂದುಕೊಳ್ಳಿ. ಮೋಟರ್ ನೀರು ತುಂಬುತ್ತದೆ. ಅದರಿಂದ ನಾಲ್ಕು ಮನೆಗೆ ನಲ್ಲಿ. ಇಲ್ಲಿ ಮೋಟರ್ ಅಂದರೆ ಹೈ ಪ್ರೆಶರ್ ಪಂಪ್, ಟ್ಯಾಂಕ್ ಅಂದರೆ ರೈಲ್ ಎಂಬ ದಪ್ಪ ಉಕ್ಕಿನ ಕೊಳವೆ, ನಾಲ್ಕು ನಲ್ಲಿಗಳೇ ನಾಲ್ಕು ಇಂಜೆಕ್ಟರ್. ಟ್ಯಾಂಕ್‌ನಲ್ಲಿ ನೀರು ಕಡಿಮೆ ಅಂತ ಗೊತ್ತಾದರೆ ಮೋಟರ್ ಕೆಟ್ಟಿದೆ ಅನ್ನೋದಾ? ಯಾರದೋ ಮನೆಯ ನಲ್ಲಿ ರಾತ್ರಿಯಿಡೀ ಸೋರುತ್ತಿದ್ದರೂ ಟ್ಯಾಂಕ್ ಖಾಲಿಯೇ ಅಲ್ವಾ? ಪಿ 0087 ಹೇಳೋದು ಟ್ಯಾಂಕ್ ತುಂಬಿಲ್ಲ ಅಂತ ಮಾತ್ರ. ಯಾಕೆ ಅಂತ ಅದು ಹೇಳಲ್ಲ. ಫಿಲ್ಟರ್ ಕಟ್ಟಿರಬಹುದು, ಪಂಪ್‌ಗೆ ಎಷ್ಟು ಡೀಸೆಲ್ ಬಿಡಬೇಕು ಅಂತ ನಿಯಂತ್ರಿಸುವ ಮೀಟರಿಂಗ್ ವಾಲ್ವ್ ಅಂಟಿರಬಹುದು, ಪಂಪೇ ಸವೆದಿರಬಹುದು, ಇಂಜೆಕ್ಟರ್ ಒಳಗೊಳಗೇ ಸೋರುತ್ತಿರಬಹುದು. ಸೆನ್ಸರ್ ಸುಳ್ಳು ಹೇಳುತ್ತಿರಬಹುದು.

ಸೆನ್ಸರ್ ವಿಷಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದನ್ನು ಪರೀಕ್ಷೆ ಮಾಡಲು ಒಂದು ಪೈಸೆ ಬೇಕಿಲ್ಲ. ರಾತ್ರಿಯೆಲ್ಲ ನಿಂತ ಕಾರಿನ ರೈಲ್‌ನಲ್ಲಿ ಒತ್ತಡ ಇರಲ್ಲ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ನೋಡಿದರೆ ಸ್ಕ್ಯಾನರ್‌ನಲ್ಲಿ ಸೊನ್ನೆಯ ಆಸುಪಾಸು ತೋರಿಸಬೇಕು. ಸೆನ್ಸರ್‌ನ ಸಿಗ್ನಲ್ ವೈರಲ್ಲಿ ಸುಮಾರು ಅರ್ಧ ವೋಲ್ಟ್ ಇರಬೇಕು. ಗ್ಯಾರೇಜಿನವರು ವಾಪಸ್ ಕೊಟ್ಟ ಹಳೇ ಸೆನ್ಸರನ್ನು ಆಮೇಲೆ ಮತ್ತೆ ಹಾಕಿ ನೋಡಿದೆ: 0.51 ವೋಲ್ಟ್. ಪಾಪ, ಅದು ನಿಜವನ್ನೇ ಹೇಳುತ್ತಿತ್ತು.

ಹಾಸನದಲ್ಲಿ ಡೀಸೆಲ್ ಪಂಪ್ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಮಾತು ಕಡಿಮೆ. ನಾನು ಕಥೆಯೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಮೂರೇ ಪ್ರಶ್ನೆ. 'ಬೆಳಿಗ್ಗೆ ಹೇಗೆ ಹತ್ತುತ್ತೆ?' ಅರ್ಧ ಸೆಲ್ಫ್‌ಗೆ ಅಂದೆ. 'ಎಳೆಯದೇ ಇದ್ದಾಗ ಹೊಗೆ ಬರುತ್ತಾ?' ಅಷ್ಟಾಗಿ ಇಲ್ಲ ಅಂದೆ. 'ಒದ್ದೆ ಬಟ್ಟೆ ಎಲ್ಲಿ ಹಾಕಿದರು?' ತೋರಿಸಿದೆ. ಅವರು ನಕ್ಕರು. 'ಪಂಪ್ ಅಲ್ಲಿಲ್ವಲ್ಲ' ಅಂದರು.

ನಿಜ. ಪಂಪ್ ಇರೋದು ಇಂಜಿನ್ ತಲೆಯ ಒಂದು ತುದಿಯಲ್ಲಿ, ಕ್ಯಾಮ್‌ಶಾಫ್ಟ್ ಅದನ್ನು ತಿರುಗಿಸುತ್ತದೆ. ಬಟ್ಟೆ ಬಿದ್ದಿದ್ದು ಇಂಜೆಕ್ಟರ್ ಪೈಪುಗಳ ಮೇಲೆ, ಪಂಪ್ ಮುಟ್ಟಿರಲೇ ಇಲ್ಲ. ತಣ್ಣಗಾಗಿ ಸರಿಹೋಗಿದ್ದು ಇಂಜೆಕ್ಟರ್ ಕಡೆ. 'ಆದರೂ ಇದು ಸಾಕ್ಷಿ ಅಲ್ಲ, ಬರೀ ಅನುಮಾನ' ಅಂದರು. ಆ ಕಾಲು ಗಂಟೆಯಲ್ಲಿ ಪಂಪೂ ಸ್ವಲ್ಪ ತಣ್ಣಗಾಗಿರುತ್ತದೆ ಅಲ್ವಾ.

ಡೀಸೆಲ್ ಕಾದರೆ ತೆಳ್ಳಗಾಗುತ್ತದೆ. ತಣ್ಣಗಿದ್ದಾಗ ಸಣ್ಣ ಸಂದಿಯಲ್ಲಿ ನುಸುಳದ ಡೀಸೆಲ್, ಕಾದಾಗ ಅದೇ ಸಂದಿಯಲ್ಲಿ ಸರಾಗವಾಗಿ ಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಇಂಜಿನ್ ತಿರುಗೋದು ನಿಮಿಷಕ್ಕೆ ಇನ್ನೂರು ಸುತ್ತಿನ ಆಸುಪಾಸು. ಪಂಪ್ ಆಗ ತುಂಬಾ ನಿಧಾನ. ಬಂದಷ್ಟೂ ಸೋರಿ ಹೋಗುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ಪಂಪ್ ಜೋರಾಗಿ ತಿರುಗಿ ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುವ ಐಡಲ್‌ನಲ್ಲಿ, ಊರೊಳಗೆ, ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗಲ್ಲ. ಮತ್ತೆ ಸಿಕ್ಕಿಬೀಳೋದು ಘಾಟಿಯಲ್ಲಿ, ಕಂಪ್ಯೂಟರ್ ಗರಿಷ್ಠ ಒತ್ತಡ ಕೇಳಿದಾಗ. ನನ್ನ ಎರಡು ಕಾಟಕ್ಕೂ ಒಂದೇ ಬೇರು ಇರಬಹುದು ಅಂತ ಅವತ್ತು ಹೊಳೆಯಿತು. ಪೂರ್ತಿ ನಿಜ ಅಲ್ಲ ಅಂತ ಆಮೇಲೆ ಗೊತ್ತಾಯಿತು, ಇರಲಿ.

ಮೊದಲು ಅಂಕಿ ನೋಡಿದೆವು. ಫೋನಿಗೆ ಹಾಕುವ ಅಗ್ಗದ ಡಾಂಗಲ್ ಈ ಹಳೇ ಕಾರಲ್ಲಿ ಬೇಕಾದ ಒತ್ತಡ ಎಷ್ಟು, ಸಿಕ್ಕಿದ್ದು ಎಷ್ಟು ಅಂತ ಎರಡನ್ನೂ ತೋರಿಸಲಿಲ್ಲ. ಮೇಸ್ತ್ರಿಯ ಹತ್ತಿರ ಆ ಕಾರಿನ ಭಾಷೆ ಗೊತ್ತಿರುವ ಸ್ಕ್ಯಾನರ್ ಇತ್ತು. ತಣ್ಣಗಿದ್ದಾಗ ಸೆಲ್ಫ್ ಹೊಡೆದರೆ ಒತ್ತಡ ಒಂದೇ ಸೆಕೆಂಡಲ್ಲಿ 280 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ) ಏರಿತು. ಹೊಳೆನರಸೀಪುರದ ಕಡೆಗೆ ಒಂದು ಸುತ್ತು ಹೋಗಿ, ಚೆನ್ನಾಗಿ ಬಿಸಿ ಮಾಡಿ, ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊಡೆದೆವು. 120, 135, 140. ಅಲ್ಲೇ ನಿಂತಿತು. ಇಂಥ ಇಂಜಿನ್‌ನಲ್ಲಿ ಒತ್ತಡ ಸುಮಾರು 200 ಬಾರ್ ದಾಟದೆ ಕಂಪ್ಯೂಟರ್ ಇಂಜೆಕ್ಟರ್ ತೆರೆಯಲು ಹೇಳುವುದೇ ಇಲ್ಲ. ಅಂದರೆ ಗುಂಡ್ಯದಲ್ಲಿ ಒಂದು ಹನಿ ಡೀಸೆಲ್ ಕೂಡ ಸಿಲಿಂಡರ್ ಒಳಗೆ ಹೋಗಿರಲಿಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆಯೂ ಬರದಿದ್ದಕ್ಕೆ ಕಾರಣ ಅದು.

ಮುಂದಿನದು ಬಾಟಲಿ ಪರೀಕ್ಷೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಪ್ರತಿ ಇಂಜೆಕ್ಟರ್ ಕೆಲಸ ಮಾಡುವಾಗ ಸ್ವಲ್ಪ ಡೀಸೆಲ್ ಸಿಲಿಂಡರ್‌ಗೆ ಹೋಗದೆ ಮೇಲಿನ ಸಣ್ಣ ಪೈಪಿನಿಂದ ಟ್ಯಾಂಕ್‌ಗೆ ವಾಪಸ್ ಹೋಗುತ್ತದೆ. ಅದಕ್ಕೆ ರಿಟರ್ನ್ ಅಂತಾರೆ. ಸ್ವಲ್ಪ ರಿಟರ್ನ್ ಸಹಜ. ಎಷ್ಟು ಅನ್ನೋದು ಮುಖ್ಯ. ಮೆಡಿಕಲ್ ಸ್ಟೋರ್‌ನಿಂದ ನಾಲ್ಕು ಡ್ರಿಪ್ ಸೆಟ್ ತಂದೆ. ಅವುಗಳ ಪಾರದರ್ಶಕ ಪೈಪು ಕತ್ತರಿಸಿ ನಾಲ್ಕು ಇಂಜೆಕ್ಟರ್‌ಗೆ ಸಿಕ್ಕಿಸಿದೆವು. ಇನ್ನೊಂದು ತುದಿ ನಾಲ್ಕು ಒಂದೇ ಅಳತೆಯ ಬಾಟಲಿಗೆ. ಟ್ಯಾಂಕ್‌ಗೆ ಹೋಗುವ ಹಳೇ ರಿಟರ್ನ್ ಪೈಪಿನ ಬಾಯಿಗೆ ಬೋಲ್ಟ್ ಬಿಗಿದೆವು. ಹಳೇ ಪ್ಲಾಸ್ಟಿಕ್ ಕ್ಲಿಪ್ ಬಿಚ್ಚುವಾಗ ಒಂದು ಟಕ್ ಅಂತ ಮುರಿಯಿತು. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಬಿಸ್ಕತ್ತಿನಂತಾಗಿರುತ್ತದೆ, ಒಂದೆರಡು ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳೋದು ಒಳ್ಳೇದು.

ಬಿಸಿ ಇಂಜಿನ್, ಐಡಲ್‌ನಲ್ಲಿ ಐದು ನಿಮಿಷ. ಮೊದಲ ನಿಮಿಷದಲ್ಲೇ ಕಣ್ಣಿಗೆ ಕಂಡಿತು. ಒಂದು, ಎರಡು, ನಾಲ್ಕನೇ ಪೈಪಲ್ಲಿ ಡೀಸೆಲ್ ಹನಿ ಹನಿಯಾಗಿ ಬರುತ್ತಿದೆ. ಮೂರನೆಯದರಲ್ಲಿ ಸಣ್ಣ ದಾರದಂತೆ ಸುರಿಯುತ್ತಿದೆ. ಕೊನೆಗೆ ಅಳೆದರೆ 14, 16, 71, 15 ಎಂಎಲ್.

ಇಲ್ಲೊಂದು ಎಚ್ಚರಿಕೆ. ಹಳೇ ಕಾಲದ ಡೀಸೆಲ್ ಗಾಡಿಗಳಲ್ಲಿ ಮಿಸ್ಸಿಂಗ್ ಇದ್ದರೆ ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ, ಯಾವುದು ಸಡಿಲಿಸಿದಾಗ ಶಬ್ದ ಬದಲಾಗಲ್ಲವೋ ಅದೇ ಕೆಟ್ಟಿದ್ದು ಅಂತ ಹಿಡಿಯುತ್ತಿದ್ದರು. ಈ ಇಂಜಿನ್‌ಗಳಲ್ಲಿ ಅದನ್ನು ಮಾಡಲೇಬಾರದು. ಕಾರಿನ ಟೈರಲ್ಲಿ ಇರೋದು ಎರಡು ಚಿಲ್ಲರೆ ಬಾರ್. ರೈಲ್‌ನಲ್ಲಿ ಪೂರ್ತಿ ಲೋಡ್‌ಗೆ ಸಾವಿರ ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಬಿರುಕಿನಿಂದ ಬರುವ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಗಾಯ ಸಣ್ಣದಾಗಿ ಕಾಣುತ್ತದೆ, ಒಳಗೆ ಕೈಯೇ ಹೋಗಬಹುದು. ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಕಾದು, ಸ್ಕ್ಯಾನರ್‌ನಲ್ಲಿ ಒತ್ತಡ ಇಳಿದಿದ್ದು ನೋಡಿಕೊಂಡೇ ಮೇಸ್ತ್ರಿ ಸ್ಪ್ಯಾನರ್ ಹಿಡಿಯುತ್ತಿದ್ದರು. ಇಂಜೆಕ್ಟರ್ ವೈರುಗಳಲ್ಲೂ ಕೆಲಸದ ಹೊತ್ತಲ್ಲಿ ಬ್ಯಾಟರಿಗಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ಇರುತ್ತದೆ, ಅದಕ್ಕೂ ಕೈ ಹಾಕಬಾರದು.

71 ಎಂಎಲ್ ನೋಡಿ ನಾನು ಕುಣಿದೆ. ಮೇಸ್ತ್ರಿ ಕುಣಿಯಲಿಲ್ಲ. 'ನಲ್ಲಿ ಸೋರ್ತಿದೆ ಅಂತ ಗೊತ್ತಾಯ್ತು. ಮೋಟರ್ ಸರಿ ಇದೆ ಅಂತ ಯಾರು ಹೇಳಿದ್ರು?' ಅಂದರು. ಅವರ ಡಬ್ಬಿಯಲ್ಲಿ ಸಣ್ಣ ಉಕ್ಕಿನ ಮುಚ್ಚಳಗಳಿದ್ದವು. ಇಂಜಿನ್ ಆಫ್ ಮಾಡಿ, ರೈಲ್‌ನಿಂದ ಮೂರನೇ ಇಂಜೆಕ್ಟರ್‌ಗೆ ಹೋಗುವ ಪೈಪನ್ನು ಬಿಚ್ಚಿ, ರೈಲ್‌ನ ಆ ಬಾಯಿಗೆ ಮುಚ್ಚಳ ಬಿಗಿದರು. ಈಗ ಸೋರುವ ನಲ್ಲಿ ಊರಿನಿಂದಲೇ ಆಚೆ. ಇಂಜಿನ್ ಇನ್ನೂ ಬಿಸಿ ಇತ್ತು. ಸೆಲ್ಫ್ ಹೊಡೆದೆ. ಒತ್ತಡ 310 ಬಾರ್‌ಗೆ ಹಾರಿತು. ಮೂರೇ ಸಿಲಿಂಡರ್‌ನಲ್ಲಿ ಕಾರು ಗಡಗಡ ನಡುಗುತ್ತಾ ಸ್ಟಾರ್ಟ್ ಆಯಿತು. ಪಂಪ್ ಬಚಾವ್. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಪಂಪ್ ಬದಲಾಯಿಸಿದ್ದರೆ ಏನಾಗುತ್ತಿತ್ತು? ಹೊಸ ಪಂಪ್ ಸ್ವಲ್ಪ ಜೋರಾಗಿ ತಳ್ಳಿ ಮೂರು ನಾಲ್ಕು ತಿಂಗಳು ಕಾರು ಸರಿಹೋದಂತೆ ಕಾಣುತ್ತಿತ್ತು. ಆಮೇಲೆ ಮತ್ತೆ ಗುಂಡ್ಯ.

ಇಂಜೆಕ್ಟರ್ ಬಿಚ್ಚಿ, ಅದನ್ನು ಪರೀಕ್ಷೆ ಮಾಡುವ ಬೆಂಚ್ ಮೇಲೆ ಹಾಕಿದರು. ಅಲ್ಲಿ ನಾನು ನೋಡಿದ್ದನ್ನು ಹೇಳಲೇಬೇಕು. ಇಂಜೆಕ್ಟರ್‌ನ ತಲೆಯೊಳಗೆ ಒಂದು ಉಕ್ಕಿನ ಗುಂಡು ಇದೆ. ಒಂದು ರಾಗಿ ಕಾಳಿನಷ್ಟು. ಆ ಗುಂಡು ಕೂರುವ ಕುಳಿಯ ನಡುವೆ ಒಂದು ತೂತು. ಗುಂಡು ಕೂತಿದ್ದರೆ ಇಂಜೆಕ್ಟರ್ ಮುಚ್ಚಿರುತ್ತದೆ. ಮೇಲಿನ ಕಾಯಿಲ್‌ಗೆ ಕರೆಂಟ್ ಬಂದಾಗ ಗುಂಡು ಕೂದಲೆಳೆಯಷ್ಟು ಏಳುತ್ತದೆ, ಒತ್ತಡ ಬಿಡುಗಡೆಯಾಗಿ ಕೆಳಗಿನ ಸೂಜಿ ಮೇಲೇಳುತ್ತದೆ, ಡೀಸೆಲ್ ಸಿಲಿಂಡರ್‌ಗೆ ಸಿಡಿಯುತ್ತದೆ. ಇಷ್ಟು ದೊಡ್ಡ ಕಾರನ್ನು ಘಾಟಿ ಹತ್ತಿಸೋದು ಈ ರಾಗಿ ಕಾಳಿನ ಏಳುಬೀಳು. ಮೈಕ್ರೋಸ್ಕೋಪ್‌ನಲ್ಲಿ ಕುಳಿಯನ್ನು ತೋರಿಸಿದರು. ಸುತ್ತಲೂ ಕನ್ನಡಿಯಂತೆ ಹೊಳೆಯಬೇಕಿದ್ದ ಅಂಚಿನಲ್ಲಿ ಒಂದು ಕಡೆ ಮಂಕು ಗೀರು. ಮಳೆನೀರು ಮಣ್ಣು ಕೊರೆದು ಮಾಡಿದ ಕಾಲುವೆಯಂತಿತ್ತು. ಗುಂಡು ಕೂತರೂ ಅಲ್ಲಿಂದ ಡೀಸೆಲ್ ಹೋಗುತ್ತಲೇ ಇತ್ತು. ಹೋದಷ್ಟೂ ಕಾಲುವೆ ದೊಡ್ಡದಾಗುತ್ತಿತ್ತು.

ಯಾಕೆ ಹೀಗಾಯಿತು? ಮೊದಲ ಗ್ಯಾರೇಜಿನವರು ಬಿಚ್ಚಿದ್ದ ಹಳೇ ಫಿಲ್ಟರ್ ಡಿಕ್ಕಿಯಲ್ಲೇ ಬಿದ್ದಿತ್ತು. ಅದನ್ನು ಕೊಯ್ದು ನೋಡಿದೆವು. ಕಾಗದದ ಮಡಿಕೆಗಳ ತುಂಬ ತುಕ್ಕಿನ ಬಣ್ಣದ ಕೆಸರು, ತಳದಲ್ಲಿ ನೀರಿನ ಕಲೆ. ತೋಟದ ಮನೆಯಲ್ಲಿ ಟ್ರ್ಯಾಕ್ಟರ್‌ಗೆ ಅಂತ ಬ್ಯಾರಲ್‌ನಲ್ಲಿ ಇಟ್ಟ ಡೀಸೆಲ್ಲನ್ನು ಕಾರಿಗೂ ಹಾಕಿರಬೇಕು ಅಂತ ಮೇಸ್ತ್ರಿಯ ಊಹೆ. ಮಲೆನಾಡಿನ ಮಳೆಗಾಲದಲ್ಲಿ ಬ್ಯಾರಲ್ ಒಳಗೆ ನೀರು ಬೆವರೋದು ಸಾಮಾನ್ಯ. ನಾನು ಹಳೇ ಮಾಲೀಕರನ್ನು ಕೇಳಲು ಹೋಗಲಿಲ್ಲ.

ಮೂರನೇ ಇಂಜೆಕ್ಟರ್‌ಗೆ ಹೊಸ ವಾಲ್ವ್ ಸೆಟ್, ಹೊಸ ನಾಜಲ್. ಅಡಿಯಲ್ಲಿ ಹೊಸ ತಾಮ್ರದ ವಾಷರ್. ಹಳೇ ವಾಷರ್ ಮತ್ತೆ ಹಾಕಿದರೆ ಸಿಲಿಂಡರ್‌ನ ಗ್ಯಾಸ್ ಮೇಲೆ ಬಂದು ಕರಿ ಡಾಂಬರಿನಂತೆ ಕಟ್ಟಿಕೊಳ್ಳುತ್ತದೆ. ಆಮೇಲೆ ಇಂಜೆಕ್ಟರ್ ಕೀಳಲು ಯುದ್ಧವೇ ಆಗಬೇಕು. ಈ ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಅಂತ ತಿಳಿಸುವ, ಬೆಂಚ್‌ನಲ್ಲಿ ಬಂದ ಕೋಡನ್ನು ಕಾರಿನ ಕಂಪ್ಯೂಟರ್‌ಗೆ ಬರೆದರು. ಉಳಿದ ಮೂರನ್ನು ಮುಟ್ಟಲಿಲ್ಲ. ನಾಲ್ಕನ್ನೂ ಬದಲಾಯಿಸಬೇಕು ಅಂತ ವಾದ ಮಾಡುವವರಿದ್ದಾರೆ. ರಿಟರ್ನ್ ಅಳತೆ ಸರಿ ಇರುವಾಗ ಅದು ಸುಮ್ನೆ ಖರ್ಚು ಅನ್ನೋದು ನನ್ನ ಅಭಿಪ್ರಾಯ.

ಬಿಸಿ ಸ್ಟಾರ್ಟ್ ಅವತ್ತೇ ಸರಿಯಾಯಿತು. ಒಂದು ವಾರ ಬಿಟ್ಟು ಮಂಗಳೂರಿಗೆ ಹೋಗಿ ವಾಪಸ್ ಬರುತ್ತಾ ಗುಂಡ್ಯದಲ್ಲಿ ಬೇಕಂತಲೇ ನಿಲ್ಲಿಸಿ ಟೀ ಕುಡಿದೆ. ಒಂದೇ ಸೆಲ್ಫ್. ಖುಷಿಯಲ್ಲಿ ಘಾಟಿ ಹತ್ತಿದೆ. ಮೂರನೇ ಗೇರಲ್ಲಿ ಒತ್ತಿದೆ. ಲೈಟ್ ಬರಲಿಲ್ಲ. ಆದರೆ ಕಾರು ಎಳೆಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬರುತ್ತಿದ್ದ ಕಾರು ಕಾಣಿಸುತ್ತಿಲ್ಲ. ಅಷ್ಟು ಕರಿ ಹೊಗೆ.

ಇಂಜೆಕ್ಟರ್ ರಿಪೇರಿ ಕೆಡಿಸಿದ್ದಾರೆ, ಡೀಸೆಲ್ ಜಾಸ್ತಿ ಸುರೀತಿದೆ ಅಂತ ನಾನು ನೇರ ಜಗಳಕ್ಕೇ ಹೋದೆ. ಮೇಸ್ತ್ರಿ ಬೆಂಚ್‌ನ ಚೀಟಿ ತೋರಿಸಿದರು. ಅಳತೆ ಸರಿಯಾಗಿಯೇ ಇತ್ತು. 'ಹೊಗೆ ಬಂದಿದ್ದು ಒಳ್ಳೇದೇ' ಅಂದರು. ನನಗೆ ಸಿಟ್ಟು ಬಂತು. ಆಮೇಲೆ ಬಿಡಿಸಿ ಹೇಳಿದರು. ಎಳೆಯದ ಕಾರಿಗೆ ಹೊಗೆ ಇಲ್ಲದಿದ್ದರೆ ಡೀಸೆಲ್ ಸಾಲುತ್ತಿಲ್ಲ. ಕರಿ ಹೊಗೆ ಇದ್ದರೆ ಗಾಳಿ ಸಾಲುತ್ತಿಲ್ಲ. ಇಷ್ಟು ದಿನ ಎರಡೂ ಸಾಲುತ್ತಿರಲಿಲ್ಲ. ಡೀಸೆಲ್ ಕಡಿಮೆ ಇದ್ದಿದ್ದಕ್ಕೆ ಗಾಳಿಯ ಕೊರತೆ ಕಾಣಿಸಲಿಲ್ಲ. ಈಗ ಡೀಸೆಲ್ ಸರಿಹೋಯಿತು, ಗಾಳಿಯ ಬಣ್ಣ ಬಯಲಾಯಿತು.

ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕಡೆ ನೋಡಿದೆವು. ಕೀ ಆನ್, ಇಂಜಿನ್ ಆಫ್ ಇದ್ದಾಗ, ಟರ್ಬೊ ತುಂಬಿದ ಗಾಳಿಯ ಒತ್ತಡ (ಬೂಸ್ಟ್) ಅಳೆಯುವ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಲ್ಲಿ ಅದು 1,010 ಮಿಲಿಬಾರ್ ಆಸುಪಾಸು, ಹಾಸನದ ಎತ್ತರದಲ್ಲಿ 900 ಚಿಲ್ಲರೆ. ನಮ್ಮದು 906 ತೋರಿಸಿತು. ಸೆನ್ಸರ್ ಸರಿ. ಈ ಸಲ ಅದನ್ನು ಮೊದಲೇ ನೋಡಿದೆ! ಲೋಡ್ ಹಾಕಿ ಓಡಿಸಿದಾಗ ಕಂಪ್ಯೂಟರ್ ಕೇಳಿದ್ದು 2,000ಕ್ಕಿಂತ ಜಾಸ್ತಿ, ಸಿಕ್ಕಿದ್ದು 1,450.

ಗಾಳಿ ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಪಿವಿಸಿ ಪೈಪಿನ ಮುಚ್ಚಳಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ, ಟರ್ಬೊದ ಬಾಯಿಗೆ ಕ್ಲಾಂಪ್ ಹಾಕಿ ಬಿಗಿದರು. ಕಂಪ್ರೆಸರ್‌ನಿಂದ ಅರ್ಧ ಬಾರ್ ಗಾಳಿ ಬಿಟ್ಟರು. ಅದಕ್ಕಿಂತ ಜಾಸ್ತಿ ಬೇಡ. ಎಲ್ಲಾ ಜಾಯಿಂಟಿಗೂ ಸೋಪಿನ ನೀರು. ಮೇಲೆಲ್ಲೂ ಗುಳ್ಳೆ ಇಲ್ಲ. ಆದರೆ ಬುಸ್ ಅನ್ನುವ ಶಬ್ದ ಕೇಳುತ್ತಿದೆ. ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಬರುವ ರಬ್ಬರ್ ಹೋಸ್‌ನ ಕೆಳಗೆ ಕೈ ಹಾಕಿದೆ. ಗಾಳಿ ಬೆರಳಿಗೆ ಬಡಿಯಿತು. ಕೈ ತೆಗೆದರೆ ಎಣ್ಣೆ ಜಿಡ್ಡು. ಹೋಸ್ ಬಿಚ್ಚಿ ಮೇಜಿನ ಮೇಲಿಟ್ಟರೆ ಬಿರುಕು ಕಾಣಿಸುವುದೇ ಇಲ್ಲ. ಎರಡು ಕೈಯಲ್ಲಿ ಬಗ್ಗಿಸಿದರೆ ಮೀನಿನ ಬಾಯಿಯಂತೆ ತೆರೆದುಕೊಳ್ಳುತ್ತದೆ. ಐಡಲ್‌ನಲ್ಲಿ ಮುಚ್ಚಿರುವ ಬಾಯಿ, ಘಾಟಿಯಲ್ಲಿ ಬೂಸ್ಟ್ ಬಂದಾಗ ಮಾತ್ರ ತೆರೆಯುತ್ತಿತ್ತು. ಒಳಗೆ ಬಂದ ಗಾಳಿಯನ್ನು ಲೆಕ್ಕ ಹಾಕುವ ಸೆನ್ಸರ್ ಟರ್ಬೊಗಿಂತ ಮೊದಲೇ ಇದೆ. ಅದರ ಲೆಕ್ಕಕ್ಕೆ ಸರಿಯಾಗಿ ಡೀಸೆಲ್ ಸುರಿಯುತ್ತಿತ್ತು, ಗಾಳಿ ಮಾತ್ರ ದಾರಿಯಲ್ಲೇ ಕಳವು.

ಹೋಸ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಬಿಚ್ಚಿದವರೇ ಹಾಕಿದರು, ಅರ್ಧ ಗಂಟೆಯ ಕೆಲಸ. ಇಂಜೆಕ್ಟರ್, ಹೋಸ್, ಬೆಂಚ್, ಕೂಲಿ ಎಲ್ಲಾ ಸೇರಿ ಪಂಪ್ ಎಸ್ಟಿಮೇಟ್‌ನ ಮೂರನೇ ಒಂದು ಭಾಗವೂ ಆಗಲಿಲ್ಲ. ಸುಮ್ನೆ ಹಾಕಿಸಿದ ಸೆನ್ಸರ್‌ನ ದುಡ್ಡು ಬೇರೆ.

ಡ್ರಿಪ್ ಪೈಪು, ಬಾಟಲಿಗಳು ಈಗಲೂ ಡಿಕ್ಕಿಯಲ್ಲಿವೆ. ಏರ್ ಫಿಲ್ಟರ್ ಡಬ್ಬಿಯ ಒಳಮುಚ್ಚಳದ ಮೇಲೆ ಮಾರ್ಕರ್‌ನಿಂದ ಕಿಲೋಮೀಟರ್ ಮತ್ತು ನಾಲ್ಕು ಅಂಕಿ ಬರೆದಿಡುತ್ತೇನೆ. ರಿಪೇರಿಯಾದ ದಿನ 14, 16, 13, 15. ಹತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಮೊನ್ನೆ ಮತ್ತೆ ಅಳೆದೆ: 15, 24, 13, 16. ಎರಡನೆಯದರ ಮೇಲೆ ಕಣ್ಣಿಟ್ಟಿದ್ದೇನೆ.